ಹಣೆಯಿಂದ ಹಿಂದಲೆಯವರೆಗೆ: ಮೆದುಳಿನ ಭಾಗಗಳು ಮತ್ತು ಅವನ್ನು ನಮಗೆ ತೋರಿಸಿಕೊಟ್ಟ ರೋಗಿಗಳು

(ಕಾಲೇಜೊಂದರಲ್ಲಿ ವಿಜ್ಞಾನ ದಿನದಂದು ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಸಭಿಕರು ಕೇಳಿದ ಕೆಲವು ಪ್ರಶ್ನೆಗಳು ಕೊನೆಯಲ್ಲಿವೆ.)

ಎಲ್ಲರಿಗೂ ನಮಸ್ಕಾರ.

ಮೆದುಳಿನ ಚಿತ್ರವನ್ನು ನೀವೆಲ್ಲ ಹೈಸ್ಕೂಲಿನಲ್ಲಿ ಬರೆದಿದ್ದೀರಿ. ಮುಮ್ಮೆದುಳು, ಮಧ್ಯಮೆದುಳು, ಹಿಮ್ಮೆದುಳು ಅಂತ ಗೆರೆ ಎಳೆದು ಹೆಸರು ಬರೆದು ಅಂಕ ತಗೊಂಡಿದ್ದೀರಿ. ಪರೀಕ್ಷೆ ಮುಗಿದ ಮೇಲೆ ಆ ಚಿತ್ರವನ್ನು ಮತ್ತೆ ನೋಡಿದವರು ಕಡಿಮೆ. ಮನೆಯಲ್ಲಿ ಅಜ್ಜಿ ಊಟ ಮುಗಿಸಿ ಕೈ ತೊಳೆದು ಬಂದು "ನನಗೆ ಇವತ್ತು ಯಾರೂ ಊಟಕ್ಕೇ ಕರೆಯಲಿಲ್ಲ" ಅಂದಾಗ ಆ ಚಿತ್ರ ನೆನಪಿಗೆ ಬರುವುದಿಲ್ಲ. ಅಜ್ಜಿಯದು ಹಟ ಅಂತ ಸಿಟ್ಟು ಬರುತ್ತದೆ. ಇವತ್ತು ನಾನು ಮೆದುಳಿನ ಭಾಗಗಳ ಬಗ್ಗೆ ಮಾತಾಡುವುದು ಈ ಕಾರಣಕ್ಕೆ. ಸ್ವಭಾವ, ಹಟ, ಸೋಮಾರಿತನ, ದೆವ್ವ ಅಂತ ನಾವು ಹೆಸರಿಡುವ ಎಷ್ಟೋ ಸಂಗತಿಗಳಿಗೆ ತಲೆಯೊಳಗೆ ಒಂದು ಜಾಗ ಇರುತ್ತದೆ. ಆ ಜಾಗ ಯಾವುದು ಅಂತ ಗೊತ್ತಾದರೆ ಮನೆಯವರನ್ನು ನೋಡುವ ರೀತಿಯೇ ಬದಲಾಗುತ್ತದೆ.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ಈ ತಿಳಿವಳಿಕೆಯ ದೊಡ್ಡ ಪಾಲು ಬಂದಿರುವುದು ರೋಗಿಗಳಿಂದ. ಯಾರೋ ಮಾತು ಕಳೆದುಕೊಂಡರು, ಯಾರೋ ನೆನಪು ಕಳೆದುಕೊಂಡರು. ಅವರ ಮೆದುಳಿನಲ್ಲಿ ಎಲ್ಲಿ ಪೆಟ್ಟಾಗಿದೆ ಅಂತ ವೈದ್ಯರು ಹುಡುಕಿದರು. ಪುಸ್ತಕದಲ್ಲಿ ಡಾಕ್ಟರ ಹೆಸರು ಉಳಿಯಿತು, ರೋಗಿಯ ಹೆಸರು ಹೋಯಿತು. ಅವರಲ್ಲಿ ಒಂದಿಬ್ಬರನ್ನಾದರೂ ಇವತ್ತು ನಿಮಗೆ ಸರಿಯಾಗಿ ಪರಿಚಯ ಮಾಡಿಸಬೇಕು ಅನ್ನುವುದು ನನ್ನ ಆಸೆ.

ಮೊದಲು ಮೆದುಳು ಹೇಗಿದೆ ನೋಡೋಣ. ದೊಡ್ಡವರ ಮೆದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು ಅಷ್ಟೇ. ಆದರೆ ನಾವು ಸುಮ್ನೆ ಕೂತಿರುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಐದನೇ ಒಂದು ಭಾಗ ಇದಕ್ಕೇ ಬೇಕು. ಪ್ರಯೋಗಾಲಯದ ಜಾಡಿಯಲ್ಲಿರುವ ಮೆದುಳು ಫಾರ್ಮಲಿನ್‌ನಲ್ಲಿ ನೆನೆದು ಗಟ್ಟಿಯಾಗಿರುತ್ತದೆ. ಬದುಕಿರುವ ಮನುಷ್ಯನದು ಹಾಗಿರುವುದಿಲ್ಲ. ಈಗಷ್ಟೇ ಇಳಿಸಿದ ಗಿಣ್ಣಿನಷ್ಟು ಮೆತ್ತಗಿರುತ್ತದೆ, ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಇಷ್ಟು ಮೆತ್ತಗಿನ ವಸ್ತು ತನ್ನ ಭಾರಕ್ಕೇ ಜಜ್ಜಿಹೋಗಬೇಕಿತ್ತು. ಹಾಗಾಗದೆ ಇರುವುದು ಅದು ನೀರಿನಲ್ಲಿ ತೇಲುತ್ತಿರುವುದರಿಂದ. ಮೆದುಳು ಮತ್ತು ಬೆನ್ನುಹುರಿಯ ಸುತ್ತ ಸುಮಾರು 150 ಎಂ.ಎಲ್. ತಿಳಿಯಾದ ದ್ರವ ಇದೆ. ಅದರಲ್ಲಿ ತೇಲುವಾಗ ಮೆದುಳಿನ ಭಾರ 50 ಗ್ರಾಂನಷ್ಟೇ ಆಗುತ್ತದೆ. ಬೈಕಿನಿಂದ ಬಿದ್ದಾಗ ಇದೇ ಮೆತ್ತಗಿನ ಮೆದುಳು ಮುಂದಕ್ಕೆ ಹೋಗಿ ಬುರುಡೆಗೆ ಬಡಿಯುತ್ತದೆ, ವಾಪಸ್ ಬಂದು ಹಿಂದಕ್ಕೂ ಬಡಿಯುತ್ತದೆ. ಪೊಲೀಸರಿಗೆ ತೋರಿಸಲು ಅಂತ ಹಾಕುವ ಅರ್ಧ ಹೆಲ್ಮೆಟ್ ಈ ಪೆಟ್ಟನ್ನು ತಡೆಯುವುದಿಲ್ಲ.

ಈಗ ನಿಮ್ಮ ಬಲಗೈಯನ್ನು ಹಣೆಯ ಮೇಲೆ ಇಟ್ಟುಕೊಳ್ಳಿ. ಎಲ್ಲರೂ ಇಡಿ, ಹಿರಿಯರೂ ಇಡಿ, ಸಂಕೋಚ ಬೇಡ.

ಕೈಯ ಕೆಳಗೆ ಇರುವುದು ಮುಂಭಾಗದ ಹಾಲೆ. ಮೆದುಳಿನ ಬಹುಪಾಲು ಜಾಗ ತುಂಬಿರುವ ಮಹಾಮಸ್ತಿಷ್ಕದಲ್ಲಿ ನಾಲ್ಕು ಹಾಲೆಗಳು, ಅಂದರೆ ನಾಲ್ಕು ದೊಡ್ಡ ಭಾಗಗಳು, ಇವೆ. ಅವುಗಳಲ್ಲಿ ದೊಡ್ಡದು ಇದು. ನಾಳೆ ಏನು ಮಾಡಬೇಕು ಅಂತ ಯೋಚಿಸುವುದು, ಬಾಯಿಗೆ ಬಂದ ಮಾತನ್ನು ತಡೆದುಕೊಳ್ಳುವುದು, ಎದುರಿಗಿರುವವರಿಗೆ ಬೇಜಾರಾಗುತ್ತದೆ ಅಂತ ಗೊತ್ತಾಗುವುದು ಎಲ್ಲಕ್ಕೂ ಇದು ಬೇಕು. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ದಾರಿಗೆ ಬಂಡೆ ಸಿಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಒಂದು ಕಬ್ಬಿಣದ ಸಲಾಕೆ ಹೊಕ್ಕು ನೆತ್ತಿಯಿಂದ ಆಚೆ ಬಂತು. ಒಂದು ಮೀಟರಿಗಿಂತ ಉದ್ದ, ಆರು ಕಿಲೋ ತೂಕದ ಸಲಾಕೆ. ಆತ ಬದುಕಿದ. ಆದರೆ ಮೊದಲಿನ ಶಿಸ್ತಿನ ಮನುಷ್ಯ ಹೋಗಿ ಒರಟ ಆದ ಅಂತ ಚಿಕಿತ್ಸೆ ಮಾಡಿದ ಹಾರ್ಲೋ ಎಂಬ ಡಾಕ್ಟರು ಬರೆದರು. ಈ ಕಥೆ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರ ಮುಂದಿನ ಭಾಗ. ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಕೋಚು ಓಡಿಸಿದ. ಗೊತ್ತಿಲ್ಲದ ಊರು, ಗೊತ್ತಿಲ್ಲದ ಭಾಷೆ, ಕುದುರೆಗಳ ಲಗಾಮು, ಪ್ರಯಾಣಿಕರ ಜೊತೆ ವ್ಯವಹಾರ. ಇದು ಪೂರಾ ಕೆಟ್ಟುಹೋದ ಮನುಷ್ಯನಿಂದ ಆಗುವ ಕೆಲಸವಲ್ಲ, ಅಲ್ವಾ? ಪೆಟ್ಟಾದ ಮೆದುಳು ದಿನದಿನದ ಅಭ್ಯಾಸದಿಂದ ಎಷ್ಟೋ ಕಲಿತುಕೊಳ್ಳುತ್ತದೆ. ಪುಸ್ತಕಗಳು ಈ ಭಾಗವನ್ನು ಬಿಟ್ಟುಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕೈಯನ್ನು ಹಣೆಯಿಂದ ಸ್ವಲ್ಪ ಎಡಕ್ಕೆ, ಎಡ ಕಣ್ಣಿನ ಪಕ್ಕದ ಕಪಾಲದ ಕಡೆಗೆ ಸರಿಸಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಪ್ಯಾರಿಸ್ಸಿನ ಬಿಸೆತ್ರ್ ಆಸ್ಪತ್ರೆಯಲ್ಲಿ ಲೆಬೋರ್ನ್ ಎಂಬ ರೋಗಿ ಇದ್ದ. ಮೂವತ್ತರ ವಯಸ್ಸಿನಲ್ಲಿ ಮಾತು ನಿಂತುಹೋಗಿತ್ತು. ಏನು ಕೇಳಿದರೂ "ತಾನ್, ತಾನ್" ಅನ್ನುತ್ತಿದ್ದ. ಆಸ್ಪತ್ರೆಯವರೆಲ್ಲ ಅವನನ್ನು ತಾನ್ ಅಂತಲೇ ಕರೆಯುತ್ತಿದ್ದರು. 1861ರ ಏಪ್ರಿಲ್‌ನಲ್ಲಿ ಕಾಲಿನ ಸೋಂಕು ಜಾಸ್ತಿಯಾಗಿ ಅವನನ್ನು ಪಾಲ್ ಬ್ರೋಕಾ ಎಂಬ ಸರ್ಜನ್ ಹತ್ತಿರ ಕರೆತಂದರು. ಬ್ರೋಕಾ ಅವನ ಜೊತೆ ಸಮಾಧಾನವಾಗಿ ಮಾತಾಡಿದರು. ನೀನು ಇಲ್ಲಿಗೆ ಬಂದು ಎಷ್ಟು ವರ್ಷ ಆಯಿತು ಅಂತ ಕೇಳಿದರು. ಆತ ಅಂಗೈ ಬಿಚ್ಚಿ ಐದು ಬೆರಳು ತೋರಿಸಿದ. ಹಾಗೇ ನಾಲ್ಕು ಸಲ ತೋರಿಸಿದ. ಆಮೇಲೆ ಒಂದೇ ಒಂದು ಬೆರಳು. ಲೆಕ್ಕ ಸರಿಯಾಗಿತ್ತು, 21 ವರ್ಷ. ಪ್ರಶ್ನೆ ಅರ್ಥವಾಗಿದೆ, ನೆನಪು ಇದೆ, ಲೆಕ್ಕ ಬರುತ್ತದೆ, ನಾಲಿಗೆಗೂ ಏನೂ ಆಗಿಲ್ಲ. ಮಾತು ಕಟ್ಟಲು ಮಾತ್ರ ಆಗುತ್ತಿಲ್ಲ. ಇಪ್ಪತ್ತೊಂದು ವರ್ಷ ಆ ಮನುಷ್ಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಅದೇ ಒಂದು ಶಬ್ದದಲ್ಲಿ ಬದುಕಿದ್ದ. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಬ್ರೋಕಾ ಮೆದುಳನ್ನು ತೆಗೆದು ನೋಡಿದಾಗ ಎಡಗಡೆ ಮುಂಭಾಗದ ಹಾಲೆಯಲ್ಲಿ ಗಾಯ ಇತ್ತು. ಆ ಜಾಗಕ್ಕೆ ಈಗ ಬ್ರೋಕಾ ಕ್ಷೇತ್ರ ಅಂತ ಹೆಸರು. ನನ್ನ ಕೈಲಿದ್ದಿದ್ದರೆ ಲೆಬೋರ್ನ್ ಕ್ಷೇತ್ರ ಅಂತ ಹೆಸರಿಡುತ್ತಿದ್ದೆ.

ಹದಿಮೂರು ವರ್ಷದ ಮೇಲೆ, 1874ರಲ್ಲಿ, ಕಾರ್ಲ್ ವೆರ್ನಿಕೆ ಎಂಬ ಇಪ್ಪತ್ತಾರು ವರ್ಷದ ಜರ್ಮನ್ ವೈದ್ಯರು ಇದಕ್ಕೆ ಉಲ್ಟಾ ಇರುವ ತೊಂದರೆಯನ್ನು ವಿವರಿಸಿದರು. ಎಡ ಕಿವಿಯ ಮೇಲೆ, ಸ್ವಲ್ಪ ಹಿಂದಕ್ಕೆ ಪೆಟ್ಟಾದರೆ ಮಾತು ಸರಾಗವಾಗಿ ಬರುತ್ತದೆ, ಅರ್ಥ ಇರುವುದಿಲ್ಲ. ಬೇರೆಯವರು ಹೇಳಿದ್ದೂ ಅರ್ಥವಾಗುವುದಿಲ್ಲ. ಇಂಥವರನ್ನು ಮನೆಯವರು "ತಲೆ ಕೆಟ್ಟಿದೆ, ಏನೇನೋ ಮಾತಾಡ್ತಿದ್ದಾರೆ" ಅಂತ ಕರೆತರುತ್ತಾರೆ. ಎಷ್ಟೋ ಸಲ ಅದು ಲಕ್ವ ಆಗಿರುತ್ತದೆ. ಕೈಕಾಲು ಆಡುತ್ತಲೇ ಇರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಲಕ್ವದ ಮಾತು ಬಂತಲ್ಲ, ಇದನ್ನು ಇಲ್ಲೇ ಹೇಳಬೇಕು. ಎಡ ಮೆದುಳು ಬಲಗಡೆಯ ಮೈಯನ್ನು ನಡೆಸುತ್ತದೆ, ಬಲ ಮೆದುಳು ಎಡಗಡೆಯದನ್ನು. ಹೆಚ್ಚಿನವರಲ್ಲಿ ಮಾತಿನ ಜಾಗಗಳು ಎಡ ಮೆದುಳಿನಲ್ಲಿವೆ. ಹೀಗಾಗಿಯೇ ಬಲಗೈ, ಬಲಗಾಲು ಬಿದ್ದುಹೋದವರಿಗೆ ಮಾತೂ ಹೋಗುವುದು ಜಾಸ್ತಿ. ಇದ್ದಕ್ಕಿದ್ದಂತೆ ಬಾಯಿ ಒಂದು ಕಡೆಗೆ ಸೊಟ್ಟ ಆಯಿತಾ? ಎರಡೂ ಕೈ ಮುಂದೆ ಚಾಚಿ ಅಂದರೆ ಒಂದು ಕೈ ಕೆಳಗೆ ಜಾರುತ್ತಿದೆಯಾ? ಮಾತು ತೊದಲುತ್ತಿದೆಯಾ, ಅಸಂಬದ್ಧವಾಗಿದೆಯಾ? ಒಂದಿದ್ದರೂ ಸಾಕು, ತಕ್ಷಣ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೊರಡಿ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಸಾಮಾನ್ಯವಾಗಿ ಅದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ದೊಡ್ಡ ನಾಳ ಮುಚ್ಚಿದಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಅಂತ ಲೆಕ್ಕ ಹಾಕಿದ್ದಾರೆ. ಬೆಳಗಾಗಲಿ ನೋಡೋಣ, ಎಣ್ಣೆ ತಿಕ್ಕಿ ನೋಡೋಣ, ಆ ಊರಿನಲ್ಲಿ ನಾಟಿ ಔಷಧ ಕೊಡುತ್ತಾರಂತೆ ಅನ್ನುವಷ್ಟರಲ್ಲಿ ಆ ಸಮಯ ಮುಗಿದಿರುತ್ತದೆ. ಮನೆಯಲ್ಲೇ ಮಾತ್ರೆ ಕೊಡಬೇಡಿ. ನಾಳ ಒಡೆದು ರಕ್ತ ಸುರಿಯುತ್ತಿದ್ದರೆ ಕೆಲವು ಮಾತ್ರೆಗಳಿಂದ ಅದು ಇನ್ನೂ ಹೆಚ್ಚಾಗಬಹುದು. ಮುಚ್ಚಿದೆಯೋ ಒಡೆದಿದೆಯೋ ಹೇಳುವುದು ಸ್ಕ್ಯಾನ್ ಮಾತ್ರ. ಈ ಸಭೆಯಿಂದ ನೀವು ಒಂದೇ ವಿಷಯ ಮನೆಗೆ ತಗೊಂಡು ಹೋಗುವುದಾದರೆ ಇದನ್ನು ತಗೊಂಡು ಹೋಗಿ.

ಕೈಯನ್ನು ಈಗ ನೆತ್ತಿಯ ಮೇಲೆ ತನ್ನಿ. ಸುಮಾರಾಗಿ ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಒಂದು ಪಟ್ಟಿ ಮೈಕೈ ಆಡಿಸುತ್ತದೆ. ಅದರ ಹಿಂದಿನ ಪಟ್ಟಿ ಮುಟ್ಟಿದ್ದನ್ನು ತಿಳಿಯುತ್ತದೆ. ಪಾದದ ಜಾಗ ನೆತ್ತಿಯ ಹತ್ತಿರ, ಮುಖದ್ದು ಕಿವಿಯ ಹತ್ತಿರ, ಕೈಯದು ನಡುವೆ. ತುಟಿಗೆ ಮತ್ತು ಬೆರಳುಗಳಿಗೆ ಸಿಕ್ಕಿರುವ ಜಾಗ ಇಡೀ ಬೆನ್ನಿಗೆ ಸಿಕ್ಕಿದ್ದಕ್ಕಿಂತ ಎಷ್ಟೋ ಜಾಸ್ತಿ. ಇದನ್ನು ಪತ್ತೆ ಮಾಡಿದ್ದು ಕೆನಡಾದ ಮಾಂಟ್ರಿಯಲ್‌ನಲ್ಲಿ ವೈಲ್ಡರ್ ಪೆನ್‌ಫೀಲ್ಡ್. ಮೆದುಳಿಗೆ ನೋವು ತಿಳಿಯುವ ನರಗಳಿಲ್ಲ. ಆದ್ದರಿಂದ ರೋಗಿ ಎಚ್ಚರವಾಗಿರುವಾಗಲೇ ಅವರು ಆಪರೇಷನ್ ಮಾಡುತ್ತಿದ್ದರು. ಸಣ್ಣ ವಿದ್ಯುತ್ ತಾಗಿಸಿ "ಈಗ ಏನಾಯಿತು?" ಅಂತ ಕೇಳುತ್ತಿದ್ದರು. 2017ರಲ್ಲಿ ಬೆಂಗಳೂರಿನಲ್ಲಿ ಗಿಟಾರ್ ವಾದಕರೊಬ್ಬರು ಮೆದುಳಿನ ಆಪರೇಷನ್ ನಡೆಯುವಾಗಲೇ ಗಿಟಾರ್ ನುಡಿಸಿದ ವಿಡಿಯೋ ನಿಮ್ಮಲ್ಲಿ ಕೆಲವರು ನೋಡಿರಬಹುದು. ಅವರ ಬೆರಳುಗಳು ನುಡಿಸುವಾಗ ಸೆಟೆದುಕೊಳ್ಳುತ್ತಿದ್ದವು. ಆ ಆಪರೇಷನ್ ನಡೆದದ್ದು ಮೆದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದಲ್ಲಿ. ವಾಸನೆಯನ್ನು ಬಿಟ್ಟರೆ ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿಯೆಲ್ಲ ಇದನ್ನು ದಾಟಿಯೇ ಮೇಲಕ್ಕೆ ಹೋಗುತ್ತದೆ. ಚಲನೆಯನ್ನು ತಿದ್ದುವ ದಾರಿಗಳೂ ಇಲ್ಲಿ ಹಾಯುತ್ತವೆ. ಸರಿಯಾದ ಜಾಗ ತಲುಪಿದೆವಾ ಅಂತ ಡಾಕ್ಟರಿಗೆ ಗೊತ್ತಾಗಬೇಕಾದರೆ ಅವರು ಗಿಟಾರ್ ನುಡಿಸಲೇಬೇಕಿತ್ತು.

ನೆತ್ತಿಯ ಹಿಂದೆ, ಮೇಲ್ಭಾಗದಲ್ಲಿ ಇರುವುದು ಪಾರ್ಶ್ವ ಹಾಲೆ. ನಮ್ಮ ಸುತ್ತ ಏನು ಎಲ್ಲಿದೆ ಎನ್ನುವ ಲೆಕ್ಕ ಇಡುವುದು ಇದರ ಮುಖ್ಯ ಕೆಲಸ. ಬಲಗಡೆಯ ಪಾರ್ಶ್ವ ಹಾಲೆಗೆ ಪೆಟ್ಟಾದ ಕೆಲವರಿಗೆ ಎಡಗಡೆಯ ಜಗತ್ತು ಇದೆ ಅನ್ನುವುದೇ ಗಮನಕ್ಕೆ ಬರುವುದಿಲ್ಲ. ಕಣ್ಣು ಚೆನ್ನಾಗಿಯೇ ಇರುತ್ತದೆ. ಎಲೆ ಹಾಕಿ ಬಡಿಸಿದರೆ ಬಲಗಡೆಯದನ್ನು ಮಾತ್ರ ಉಂಡು "ಇನ್ನೂ ಹಸಿವು, ಯಾಕೆ ಇಷ್ಟೇ ಬಡಿಸಿದಿರಿ" ಅನ್ನುತ್ತಾರೆ. ಎಡಗಡೆ ಕೋಸಂಬರಿ, ಪಲ್ಯ ಹಾಗೇ ಉಳಿದಿರುತ್ತದೆ. ಎಲೆಯನ್ನು ತಿರುಗಿಸಿ ಇಟ್ಟರೆ ಅದನ್ನೂ ಉಣ್ಣುತ್ತಾರೆ. ಕೆಲವರು ಮುಖದ ಬಲಗಡೆ ಮಾತ್ರ ಕ್ಷೌರ ಮಾಡಿಕೊಳ್ಳುತ್ತಾರೆ. 1978ರಲ್ಲಿ ಇಟಲಿಯ ಇಬ್ಬರು ಸಂಶೋಧಕರು ಮಿಲಾನ್ ನಗರದ ಇಂಥ ರೋಗಿಗಳಿಗೆ ಒಂದು ಕೆಲಸ ಕೊಟ್ಟರು. ಊರ ನಡುವಿನ ದೊಡ್ಡ ಚರ್ಚಿನ ಚೌಕ ಅವರಿಗೆಲ್ಲ ಚೆನ್ನಾಗಿ ಗೊತ್ತಿತ್ತು. ಚರ್ಚಿಗೆ ಎದುರಾಗಿ ನಿಂತಿದ್ದೀರಿ ಅಂದುಕೊಂಡು ಸುತ್ತ ಏನಿದೆ ಹೇಳಿ ಅಂದರು. ಅವರು ಬಲಗಡೆಯ ಕಟ್ಟಡಗಳನ್ನು ಮಾತ್ರ ಹೇಳಿದರು. ಈಗ ಚರ್ಚಿನ ಬಾಗಿಲಲ್ಲಿ ನಿಂತು ಈ ಕಡೆ ನೋಡುತ್ತಿದ್ದೀರಿ ಅಂದುಕೊಳ್ಳಿ ಅಂದರು. ಆಗಲೂ ಬಲಗಡೆಯದನ್ನೇ ಹೇಳಿದರು. ಆದರೆ ಅದು ಮೊದಲು ಬಿಟ್ಟುಹೋಗಿದ್ದ ಸಾಲು! ನೆನಪು ಪೂರ್ತಿ ಇದೆ, ಮನಸ್ಸಿನೊಳಗಿನ ಚಿತ್ರದಲ್ಲೂ ಎಡಗಡೆಗೆ ಗಮನ ಹೋಗುತ್ತಿಲ್ಲ. ಈ ವಿಷಯವನ್ನು ಪಾಠ ಮಾಡುವಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಕೈ ಇನ್ನೂ ಹಿಂದಕ್ಕೆ ಬರಲಿ. ಹಿಂದಲೆಯಲ್ಲಿ ಒಂದು ಉಬ್ಬು ಸಿಗುತ್ತದೆ. ಅದರ ಒಳಗಿರುವುದು ಹಿಂಭಾಗದ ಹಾಲೆ, ದೃಷ್ಟಿಯ ಜಾಗ. 1904–05ರ ರಷ್ಯಾ-ಜಪಾನ್ ಯುದ್ಧದಲ್ಲಿ ಸಣ್ಣ ಗುಂಡುಗಳು ವೇಗವಾಗಿ ತಲೆಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಗೆ ಹೋಗುತ್ತಿದ್ದವು, ಸೈನಿಕರು ಬದುಕುತ್ತಿದ್ದರು. ದೃಷ್ಟಿ ಎಷ್ಟು ಹೋಗಿದೆ ನೋಡಿ ಅವರಿಗೆ ಪಿಂಚಣಿ ನಿಗದಿ ಮಾಡಬೇಕಿತ್ತು. ಆ ಕೆಲಸಕ್ಕಿದ್ದ ತಾತ್ಸುಜಿ ಇನೊಯೆ ಎಂಬ ಕಣ್ಣಿನ ವೈದ್ಯರು ಗುಂಡು ಹೋದ ದಾರಿಯನ್ನೂ ಪ್ರತಿಯೊಬ್ಬರಿಗೆ ಕಾಣದೆ ಹೋದ ಜಾಗವನ್ನೂ ಹೋಲಿಸಿ ದೃಷ್ಟಿಯ ನಕ್ಷೆಯನ್ನೇ ತಯಾರಿಸಿದರು.

ಆ ಉಬ್ಬಿನ ಕೆಳಗೆ, ಕುತ್ತಿಗೆ ಶುರುವಾಗುವ ಕಡೆ, ಅನುಮಸ್ತಿಷ್ಕ ಇದೆ. ತೂಕದಲ್ಲಿ ಇಡೀ ಮೆದುಳಿನ ಹತ್ತನೇ ಒಂದು ಭಾಗ. ಬ್ರೆಜಿಲ್‌ನ ಸುಜಾನಾ ಹರ್ಕುಲಾನೊ-ಹೌಜೆಲ್ ಮತ್ತು ಅವರ ಜೊತೆಯವರು ಮೆದುಳಿನ ಅಂಗಾಂಶವನ್ನು ಕರಗಿಸಿ ಕೋಶಗಳನ್ನು ಎಣಿಸುವ ವಿಧಾನ ಕಂಡುಹಿಡಿದರು. 2009ರಲ್ಲಿ ಅವರು ಕೊಟ್ಟ ಲೆಕ್ಕದ ಪ್ರಕಾರ ಮನುಷ್ಯನ ಮೆದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅದರಲ್ಲಿ ಸುಮಾರು 6,900 ಕೋಟಿ ಈ ಪುಟ್ಟ ಅನುಮಸ್ತಿಷ್ಕದಲ್ಲೇ ಇವೆ! ಇದರ ಕೆಲಸ ಚಲನೆಗೆ ಹದ ಕೊಡುವುದು. ಕಣ್ಣು ಮುಚ್ಚಿ, ಕೈ ಪಕ್ಕಕ್ಕೆ ಚಾಚಿ, ತೋರುಬೆರಳಿನಿಂದ ಮೂಗಿನ ತುದಿ ಮುಟ್ಟಿ. ಮುಟ್ಟಿದಿರಲ್ಲ? ಇದಕ್ಕೆ ತೊಂದರೆ ಇರುವವರು ಕಣ್ಣು ಬಿಟ್ಟುಕೊಂಡೇ ಪ್ರಯತ್ನಿಸಿದರೂ ಬೆರಳು ನಡುಗಿ ಕೆನ್ನೆಗೆ ಹೋಗುತ್ತದೆ. ಕುಡಿದವರು ತೂರಾಡುವುದು, ನಾಲಿಗೆ ತೊದಲುವುದು ಹೆಂಡ ಇದನ್ನೂ ಹಿಡಿಯುವುದರಿಂದ. ಎಂದೂ ಕುಡಿಯದ ಮನುಷ್ಯ ಹಾಗೇ ತೂರಾಡುತ್ತಾ ನಡೆದರೆ ಊರು ಏನನ್ನುತ್ತದೆ ನಿಮಗೆ ಗೊತ್ತು. ಅಂಥವರನ್ನು ದಯವಿಟ್ಟು ನರರೋಗದ ಡಾಕ್ಟರಿಗೆ ತೋರಿಸಿ.

ಈಗ ಕಿವಿಯ ಮೇಲ್ಗಡೆ ಕೈಯಿಡಿ. ಇದು ಕಪಾಲದ ಪಕ್ಕದ ಹಾಲೆ. ಕೇಳಿಸಿಕೊಳ್ಳುವುದು ಇಲ್ಲಿ. ಇದರ ಒಳಮಗ್ಗುಲಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಭಾಗ ಎರಡೂ ಕಡೆ ಒಂದೊಂದಿದೆ. ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ ಇತ್ತು. ಯಾವ ಔಷಧಕ್ಕೂ ಬಗ್ಗಲಿಲ್ಲ. 1953ರಲ್ಲಿ, ಅವನಿಗೆ 27 ವರ್ಷ ಇರುವಾಗ, ಸ್ಕೋವಿಲ್ ಎಂಬ ಸರ್ಜನ್ ಎರಡೂ ಕಡೆಯ ಹಿಪ್ಪೊಕ್ಯಾಂಪಸ್‌ನ ಬಹುಪಾಲು ತೆಗೆದರು. ಮೂರ್ಛೆ ಕಡಿಮೆಯಾಯಿತು. ಆದರೆ ಅಂದಿನಿಂದ ಹೊಸದಾಗಿ ನಡೆದದ್ದು ಯಾವುದೂ ನೆನಪಿನಲ್ಲಿ ನಿಲ್ಲಲಿಲ್ಲ. ಮಾತು, ಬುದ್ಧಿ, ಬಾಲ್ಯದ ನೆನಪು ಎಲ್ಲ ಇತ್ತು. ಬೆಳಿಗ್ಗೆ ಮಾತಾಡಿಸಿದವರು ಮಧ್ಯಾಹ್ನ ಬಂದರೆ ಹೊಸಬರು. ಬ್ರೆಂಡಾ ಮಿಲ್ನರ್ ಎಂಬ ಮನೋವಿಜ್ಞಾನಿ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆಯ ಮೇಲೆ ಪೆನ್ಸಿಲ್ ಓಡಿಸುವ ಕೆಲಸ ಕೊಟ್ಟರು. ಮನೆಯಲ್ಲಿ ಮಾಡಿ ನೋಡಿ, ಸುಲಭ ಇಲ್ಲ. ದಿನದಿಂದ ದಿನಕ್ಕೆ ಅವನ ಗೆರೆ ನೇರವಾಗುತ್ತಾ ಬಂತು. ಆದರೆ ಈ ಕೆಲಸವನ್ನು ಹಿಂದೆ ಮಾಡಿದ ನೆನಪೇ ಅವನಿಗೆ ಇರಲಿಲ್ಲ. ಕೈ ಕಲಿಯುವ ಕಲಿಕೆ ಬೇರೆ, ನಡೆದದ್ದನ್ನು ನೆನಪಿಡುವುದು ಬೇರೆ ಎಂಬುದು ಗೊತ್ತಾದದ್ದು ಹೀಗೆ. 2008ರಲ್ಲಿ ತೀರಿಕೊಳ್ಳುವವರೆಗೆ ಜಗತ್ತಿಗೆ ಅವನು ಬರೀ ಎಚ್.ಎಂ.

ಅಜ್ಜಿಯ ವಿಷಯಕ್ಕೆ ಬರೋಣ. ಆಲ್‌ಝೈಮರ್ಸ್ ಕಾಯಿಲೆ ಬಹಳಷ್ಟು ಜನರಲ್ಲಿ ಶುರುವಾಗುವುದು ಈ ಹಿಪ್ಪೊಕ್ಯಾಂಪಸ್ ಮತ್ತು ಅದರ ಪಕ್ಕದ ಜಾಗದಲ್ಲಿ. ಅಜ್ಜಿಗೆ ತನ್ನ ಮದುವೆಯ ದಿಬ್ಬಣ, ತವರಿನ ಹಸುವಿನ ಹೆಸರು ಎಲ್ಲ ನೆನಪಿದೆ. ಹತ್ತು ನಿಮಿಷದ ಹಿಂದಿನ ಊಟ ಮರೆತಿದೆ. ಹಳೆಯದು ಈಗಾಗಲೇ ಬೇರೆ ಕಡೆ ಸೇರಿಕೊಂಡಿದೆ, ಹೊಸದನ್ನು ಒಳಗೆ ಸೇರಿಸುವ ಜಾಗ ಕೆಟ್ಟಿದೆ. "ಆಗಲೇ ಉಂಡೆಯಲ್ಲ ಅಜ್ಜಿ" ಅಂತ ವಾದ ಮಾಡಿದರೆ ಅವರಿಗೆ ನೀವು ಸುಳ್ಳು ಹೇಳಿದ ಹಾಗೇ ಕಾಣುತ್ತದೆ. ಒಂದು ಬಾಳೆಹಣ್ಣು ಕೊಟ್ಟು ಪಕ್ಕದಲ್ಲಿ ಕೂತು ದಿಬ್ಬಣದ ಕಥೆ ಕೇಳಿ.

ಇದೇ ಕಿವಿ ಮೇಲಿನ ಹಾಲೆಗೆ ಸೇರಿದ ಒಂದು ಕಾಯಿಲೆ ನಮ್ಮ ಹಳೇ ಮೈಸೂರು ಕಡೆ ವಿಶೇಷವಾಗಿ ಕಂಡುಬರುತ್ತದೆ. ಬಿಸಿನೀರಿನ ಮೂರ್ಛೆ. ವಾರಕ್ಕೊಮ್ಮೆ ಬಚ್ಚಲುಮನೆಯಲ್ಲಿ ಹಂಡೆಯ ತುಂಬ ನೀರು ಕಾಯಿಸಿ ಚೊಂಬಿನಿಂದ ತಲೆಗೆ ಬಡಬಡ ಸುರಿದುಕೊಳ್ಳುತ್ತೇವಲ್ಲ, ಆ ಹೊತ್ತಿನಲ್ಲಿ ಕೆಲವರಿಗೆ ಪ್ರಜ್ಞೆ ಮಂಕಾಗುತ್ತದೆ. ಕಣ್ಣು ಒಂದೇ ಕಡೆ ನೆಟ್ಟು, ಕರೆದರೆ ಓಗೊಡದೆ, ಅರ್ಥವಿಲ್ಲದ್ದೇನೋ ಗೊಣಗುತ್ತಾರೆ. ಕೆಲವರು ಬಿದ್ದು ಒದ್ದಾಡುತ್ತಾರೆ. ಬೆಂಗಳೂರಿನ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇದನ್ನು ಗುರುತಿಸಿ ಬರೆದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ದಶಕಗಳ ಕಾಲ ಇದರ ಅಧ್ಯಯನ ಮಾಡಿದರು. ಬಚ್ಚಲಲ್ಲಿ ಗಾಳಿ ಸೋಕಿತು ಅಂತ ತಾಯಿತ ಕಟ್ಟಿಸಿಕೊಂಡ ಮಕ್ಕಳು ಎಷ್ಟು ಜನರೋ! ಉಗುರುಬೆಚ್ಚಗಿನ ನೀರು ಬಳಸಿ, ತಲೆಗೆ ಸುರಿಯುವುದು ಬಿಟ್ಟರೆ ಬಹಳ ಜನರಿಗೆ ಇದು ಹತೋಟಿಗೆ ಬರುತ್ತದೆ. ಬೇಕಾದವರಿಗೆ ಮಾತ್ರೆಯೂ ಇದೆ. ಯಾವುದೇ ಮೂರ್ಛೆ ಬಂದಾಗಲೂ ಕೈಗೆ ಬೀಗದ ಕೈ, ಕಬ್ಬಿಣ ತುರುಕಬೇಡಿ. ಬಾಯಿಗೆ ಚಮಚ, ನೀರು ಹಾಕಬೇಡಿ. ಒಂದು ಮಗ್ಗುಲಿಗೆ ಮಲಗಿಸಿ, ಪೆಟ್ಟಾಗದಂತೆ ನೋಡಿಕೊಳ್ಳಿ. ಐದು ನಿಮಿಷಕ್ಕಿಂತ ಜಾಸ್ತಿ ಹೊತ್ತು ನಿಲ್ಲದಿದ್ದರೆ ಆಸ್ಪತ್ರೆಗೆ ಓಡಿ.

ಇನ್ನು ಉಳಿದವು ಕೈಗೆ ಸಿಗುವುದಿಲ್ಲ, ಆಳದಲ್ಲಿವೆ. ಥಲಾಮಸ್ ಕೆಳಗೆ ಹೈಪೊಥಲಾಮಸ್. ಹಸಿವು, ಬಾಯಾರಿಕೆ, ಮೈಬಿಸಿ, ನಿದ್ದೆಯ ಹೊತ್ತು ಇದರ ಕೈಯಲ್ಲಿ. ಜ್ವರ ಏರುವಾಗ ಮೈ ಸುಡುತ್ತಿದ್ದರೂ ಚಳಿ ಆಗುತ್ತದಲ್ಲ, ಯಾಕೆ? ಸೋಂಕು ಬಂದಾಗ ಹೈಪೊಥಲಾಮಸ್ ಮೈಬಿಸಿಯ ಗುರಿಯನ್ನೇ ಮೇಲಕ್ಕೆ ಏರಿಸುತ್ತದೆ. ಮೈ ಇನ್ನೂ ಆ ಗುರಿ ಮುಟ್ಟಿಲ್ಲ. ಹಾಗಾಗಿ ನಡುಗಿಸಿ ಬಿಸಿ ಹೆಚ್ಚಿಸುತ್ತದೆ.

ಮಧ್ಯಮೆದುಳಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕು. ಇದು ಎರಡು ಸೆಂಟಿಮೀಟರ್ ಆಸುಪಾಸಿನ ಸಣ್ಣ ಭಾಗ. ಬೆಳಕಿಗೆ ಕಣ್ಣಿನ ಪಾಪೆ ಕಿರಿದಾಗುವುದು, ಕಣ್ಣುಗುಡ್ಡೆ ಹೊರಳುವುದು ಇದರಿಂದ. ಇಲ್ಲಿ ಕಪ್ಪಗೆ ಕಾಣುವ ಕೋಶಗಳ ಒಂದು ಗುಂಪಿದೆ. ಅವು ಚಲನೆ ಸರಾಗವಾಗಲು ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಅವು ಸಾಯುತ್ತಾ ಹೋದರೆ ಪಾರ್ಕಿನ್ಸನ್ಸ್ ಕಾಯಿಲೆ. ಕೈ ನಡುಗುತ್ತದೆ, ಹೆಜ್ಜೆ ಸಣ್ಣದಾಗುತ್ತದೆ, ಅಕ್ಷರ ಕಿರಿದಾಗುತ್ತದೆ, ಮುಖದಲ್ಲಿ ಭಾವನೆ ಕಾಣುವುದಿಲ್ಲ. "ಮಾತಾಡಿಸಿದರೂ ನಗುವುದಿಲ್ಲ, ಗರ್ವ" ಅನ್ನಿಸಿಕೊಂಡವರಲ್ಲಿ ಇಂಥವರೂ ಇದ್ದಾರೆ. ಇದಕ್ಕೆ ಕೊಡುವ ಎಲ್-ಡೋಪಾ ನಮ್ಮ ಬೇಲಿಗಳ ನಸುಗುನ್ನಿ ಕಾಯಿಯ ಬೀಜದಲ್ಲೂ ಇದೆ. ಹಾಗಂತ ಮನೆಯಲ್ಲಿ ಅರೆದು ಕುಡಿಯಬೇಡಿ, ಪ್ರಮಾಣ ತಪ್ಪಿದರೆ ಅಪಾಯ. ಈಗ ಇದೇ ಮಧ್ಯಮೆದುಳಿನ ಹೆಸರಿನಲ್ಲಿ "ಮಿಡ್‌ಬ್ರೇನ್ ಆ್ಯಕ್ಟಿವೇಶನ್" ಅಂತ ತರಗತಿಗಳು ನಡೆಯುತ್ತವೆ. ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓದುತ್ತಾರೆ ಅಂತ ಸಾವಿರಾರು ರೂಪಾಯಿ ತಗೊಳ್ಳುತ್ತಾರೆ. ನಿಮ್ಮ ಮಗುವಿನ ಮಧ್ಯಮೆದುಳು ಹುಟ್ಟಿನಿಂದಲೇ ಕೆಲಸ ಮಾಡುತ್ತಿದೆ, ಇಲ್ಲದಿದ್ದರೆ ಮಗು ಎಚ್ಚರವಾಗಿರುತ್ತಲೇ ಇರಲಿಲ್ಲ. ಮಗು ಓದುವುದು ಮೂಗಿನ ಪಕ್ಕದ ಸಂದಿಯಿಂದ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಹಿರಂಗವಾಗಿ ಪ್ರಶ್ನಿಸುತ್ತಾ ಬಂದಿದ್ದಾರೆ. ಹಣ ಹೋಗುವುದು ಒಂದು ನಷ್ಟ. ಮಗು ಸುಳ್ಳು ಹೇಳಲು ಕಲಿಯುವುದು, ಅದಕ್ಕೆ ಅಪ್ಪ ಅಮ್ಮ ಚಪ್ಪಾಳೆ ತಟ್ಟುವುದು ಅದಕ್ಕಿಂತ ದೊಡ್ಡ ನಷ್ಟ.

ಅದರ ಕೆಳಗೆ ಪಾನ್ಸ್, ಮೆಡುಲ್ಲಾ. ಉಸಿರು, ಎದೆಬಡಿತದ ಹಿಡಿತ, ನುಂಗುವುದು, ಕೆಮ್ಮು, ವಾಂತಿ ಇಲ್ಲಿಂದ. ಹೆಬ್ಬೆರಳಿನಷ್ಟು ದಪ್ಪದ ಜಾಗ. ಮಧ್ಯಮೆದುಳು, ಪಾನ್ಸ್, ಮೆಡುಲ್ಲಾ ಮೂರೂ ಸೇರಿದ ಮೆದುಳುಕಾಂಡ ಪೂರ್ತಿ ನಿಂತುಹೋದರೆ ಅದೇ ಮೆದುಳು ಸಾವು. ಕೋಮಾಕ್ಕೂ ಇದಕ್ಕೂ ಅಜಗಜಾಂತರ. ಕೋಮಾದಿಂದ ಕೆಲವರು ವಾಪಸ್ ಬರುತ್ತಾರೆ, ಮೆದುಳು ಸಾವಿನಿಂದ ಯಾರೂ ಬಂದಿಲ್ಲ. ನಮ್ಮ ದೇಶದಲ್ಲಿ 1994ರ ಕಾಯ್ದೆ ಇದನ್ನು ಸಾವು ಅಂತ ಒಪ್ಪಿದೆ. ವೈದ್ಯರ ತಂಡ ಕನಿಷ್ಠ ಆರು ಗಂಟೆಯ ಅಂತರದಲ್ಲಿ ಎರಡು ಸಲ ಪರೀಕ್ಷೆ ಮಾಡಿ ಖಚಿತಪಡಿಸಬೇಕು. ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆ ಉಸಿರು ಯಂತ್ರದ್ದು. ಮನೆಯವರಿಗೆ ಇದನ್ನು ಒಪ್ಪುವುದು ಎಷ್ಟು ಕಷ್ಟ ಅಂತ ಹೇಳಬೇಕಾಗಿಲ್ಲ. 2021ರ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ಹೋದಾಗ ಅವರ ಮನೆಯವರು ಅದನ್ನು ಒಪ್ಪಿ ಅಂಗಾಂಗ ದಾನ ಮಾಡಿದರು. ಆ ದುಃಖದ ನಡುವೆ ಅಂಥ ತೀರ್ಮಾನ ಮಾಡಿದವರಿಗೆ ಕೈಮುಗಿಯಬೇಕು.

ಪ್ರಶ್ನೋತ್ತರ

ವಿದ್ಯಾರ್ಥಿಯೊಬ್ಬ: ಸಾರ್, ನಾವು ಮೆದುಳಿನ ಶೇಕಡಾ ಹತ್ತು ಮಾತ್ರ ಬಳಸುತ್ತೇವಂತೆ ನಿಜವಾ?

ಇಲ್ಲಪ್ಪಾ. ಇಷ್ಟು ಹೊತ್ತು ಹೇಳಿದ್ದನ್ನೇ ನೋಡು. ಕಡಲೆಕಾಳಿನಷ್ಟು ಜಾಗ ಹೋದರೂ ಏನಾದರೊಂದು ಕೆಲಸ ಕೆಡಬಹುದು. ತೊಂಬತ್ತು ಭಾಗ ಖಾಲಿ ಇದ್ದಿದ್ದರೆ ಲಕ್ವ ಹೊಡೆದ ಹೆಚ್ಚಿನವರಿಗೆ ಏನೂ ಆಗಬಾರದಿತ್ತು. ಎಡಮೆದುಳಿನವರು ಲೆಕ್ಕದವರು, ಬಲಮೆದುಳಿನವರು ಕಲೆಯವರು ಅನ್ನುವುದೂ ಹೀಗೇ. ಎರಡೂ ಅರ್ಧಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಸೇತುವೆ ಇದೆ. ಎರಡೂ ಸೇರಿಯೇ ಕೆಲಸ ಮಾಡುತ್ತವೆ.

ಹಿಂದಿನ ಸಾಲಿನಿಂದ ಒಬ್ಬ ಮಹಿಳೆ: ನಮ್ಮ ಭಾವನವರು ಬಹಳ ಮರ್ಯಾದಸ್ತರು. ಐವತ್ತೈದು ದಾಟಿದ ಮೇಲೆ ಬಾಯಿಗೆ ಬಂದಂತೆ ಮಾತಾಡುತ್ತಾರೆ, ಯಾರು ಅತ್ತರೂ ಅವರಿಗೆ ಏನೂ ಅನ್ನಿಸುವುದಿಲ್ಲ. ನೆನಪು ಚೆನ್ನಾಗಿದೆ. ಇದೂ ಮೆದುಳಿನದೇ ಇರಬಹುದಾ?

ಇರಬಹುದಮ್ಮ. ನೋಡದೆ ಹೇಳಲಾಗದು. ಆದರೆ ನೆನಪು ಚೆನ್ನಾಗಿದ್ದು ನಡವಳಿಕೆ ಮಾತ್ರ ಕೆಡುವ ಮರೆವಿನ ಕಾಯಿಲೆಯ ಒಂದು ಬಗೆ ಇದೆ. ಅದು ಹಣೆಯ ಹಿಂದಿನ ಹಾಲೆಯಿಂದ ಶುರುವಾಗುತ್ತದೆ. ಥೈರಾಯ್ಡ್, ಬಿ12 ಕೊರತೆ, ಗೆಡ್ಡೆ ಇವುಗಳಿಂದಲೂ ಹೀಗಾಗಬಹುದು. ಕೆಲವಕ್ಕೆ ಒಳ್ಳೆಯ ಚಿಕಿತ್ಸೆ ಇದೆ. 2022ರಿಂದ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ ಸರ್ಕಾರಿ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳನ್ನು ಶುರು ಮಾಡಿವೆ. ನಿಮ್ಮ ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಯಾವಾಗಿನಿಂದ ಶುರುವಾಯಿತು, ಮೊದಲು ಏನು ಬದಲಾಯಿತು ಅಂತ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅವರ ಹೆಂಡತಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ.

ನಿವೃತ್ತ ಮೇಷ್ಟ್ರೊಬ್ಬರು: ಕಣ್ಣು ದಾನ ಮಾಡುವ ಹಾಗೆ ಮೆದುಳನ್ನೂ ದಾನ ಮಾಡಬಹುದೇ?

ಮಾಡಬಹುದು ಸರ್. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮೆದುಳು ಬ್ಯಾಂಕ್ ಇದೆ. ಇದು ಬೇರೆಯವರಿಗೆ ಜೋಡಿಸಲು ಅಲ್ಲ, ಸಂಶೋಧನೆಗೆ. ಅಲ್ಲಿನ ಮ್ಯೂಸಿಯಂನಲ್ಲಿ ಲಕ್ವ, ಗೆಡ್ಡೆ, ಅಪಘಾತದ ಪೆಟ್ಟು ಕಂಡ ಮೆದುಳುಗಳನ್ನು ಜೋಡಿಸಿಟ್ಟಿದ್ದಾರೆ. ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿದು ನೋಡಲು ಸಾರ್ವಜನಿಕರಿಗೂ ಅವಕಾಶ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ. ದಾನದ ವಿಷಯಕ್ಕೆ ಬಂದರೆ, ಕಾಯಿಲೆ ಇದ್ದವರ ಮೆದುಳೂ ಬೇಕು, ಇಲ್ಲದವರದೂ ಬೇಕು. ಎರಡನ್ನೂ ಹೋಲಿಸಬೇಕಲ್ಲ. ತೀರಿಕೊಂಡ ಕೆಲವೇ ಗಂಟೆಗಳೊಳಗೆ ತೆಗೆಯಬೇಕಾಗುತ್ತದೆ. ಮುಖ ಕೆಡುವುದಿಲ್ಲ, ಅಂತ್ಯಕ್ರಿಯೆಗೆ ಅಡ್ಡಿ ಇಲ್ಲ. ಆ ಹೊತ್ತಿನಲ್ಲಿ ಒಪ್ಪಿಗೆ ಕೊಡಬೇಕಾದವರು ಮನೆಯವರು. ಆದ್ದರಿಂದ ನಿಮಗೆ ಮನಸ್ಸಿದ್ದರೆ ನಿಮ್ಮ ಮಕ್ಕಳಿಗೆ ಈಗಲೇ, ಸ್ಪಷ್ಟವಾಗಿ ಹೇಳಿಡಿ.